ಕಳೆ ಕೀಳುವ ಕಾನೂನು ಮತ್ತು ಗೃಹಸ್ಥನ ಅಹಿಂಸಾಣುವ್ರತ

ತ್ರಸಜೀವಿಗಳ ಸಂಕಲ್ಪಪೂರ್ವಕವಾದ ಹಿಂಸೆಯನ್ನು ಬಿಡುವುದು, ಸ್ಥಾವರಜೀವಿಗಳ ವಿಷಯದಲ್ಲಿಯೂ ನಿಷ್ಪ್ರಯೋಜಕವಾದ ಘಾತವನ್ನು ಮಾಡದಿರುವುದು ಗೃಹಸ್ಥನ ಅಹಿಂಸಾಣುವ್ರತವೆಂದು ಶ್ರಾವಕಾಚಾರ ಗ್ರಂಥಗಳು ಸಾರುತ್ತವೆ. ಈ ವ್ರತವನ್ನು ಗುರುಸನ್ನಿಧಿಯಲ್ಲಿ ಸ್ವೀಕರಿಸಿದ ಒಬ್ಬ ಶ್ರಾವಕನು ಒಕ್ಕಲುತನದಿಂದ ಜೀವನ ಸಾಗಿಸುತ್ತಿದ್ದಾನೆ ಎಂದಿಟ್ಟುಕೊಳ್ಳಬಹುದು. ಅವನ ಹೊಲದಲ್ಲಿ ಬೆಳೆದ ಒಂದು ಗಿಡವನ್ನು ಕಿತ್ತುಹಾಕಬೇಕೆಂದು ರಾಜ್ಯದ ಕಾನೂನು ಆಜ್ಞಾಪಿಸುತ್ತದೆ. ಇನ್ನೊಂದು ಪ್ರಸಂಗದಲ್ಲಿ ಗಿಡವನ್ನಷ್ಟೇ ಅಲ್ಲ, ಚಲಿಸುವ ಪ್ರಾಣಿಯನ್ನು ಹಿಡಿದು ನಾಶಪಡಿಸುವ ಅಧಿಕಾರವನ್ನೂ ಕಾನೂನು ಸರಕಾರಕ್ಕೆ ಕೊಡುತ್ತದೆ. ಇಂತಹ ಸಂದರ್ಭದಲ್ಲಿ ವ್ರತಿಕನ ಕರ್ತವ್ಯವೇನು? ಕಾನೂನಿಗೆ ತಲೆಬಾಗಿದರೆ ವ್ರತಭಂಗವಾಗುವುದೇ? ವ್ರತವನ್ನು ಮುಂದಿಟ್ಟುಕೊಂಡು ಕೈಕಟ್ಟಿ ಕುಳಿತರೆ ಅದು ನಿಜವಾದ ಅಹಿಂಸೆಯೆನಿಸುವುದೇ? ಈ ಪ್ರಶ್ನೆಗಳು ಕೇವಲ ತರ್ಕಕ್ಕಾಗಿ ಎತ್ತಿದವುಗಳಲ್ಲ. ಹೊಲ, ತೋಟ, ಕೆರೆ, ಹಿತ್ತಿಲುಗಳನ್ನುಳ್ಳ ಪ್ರತಿಯೊಂದು ಮನೆಯ ಬಾಗಿಲಿಗೂ ಇವು ಬಂದು ನಿಂತಿವೆ.

ಮೊದಲು ವಿಷಯದ ಸ್ವರೂಪವನ್ನು ತಿಳಿಯಬೇಕು. ಒಂದು ದೇಶದಲ್ಲಿ ಸಹಜವಾಗಿ ಬೆಳೆಯುವ ಸಸ್ಯ ಅಥವಾ ಪ್ರಾಣಿಯು ಮನುಷ್ಯನ ಮೂಲಕ ಬೇರೊಂದು ದೇಶವನ್ನು ಸೇರಿ, ಅಲ್ಲಿ ತನ್ನನ್ನು ಹದ್ದಿನಲ್ಲಿಡುವ ಶತ್ರುಗಳಿಲ್ಲದ ಕಾರಣ ಮಿತಿಮೀರಿ ಹಬ್ಬಿ, ಅಲ್ಲಿನ ಜೀವಿಗಳ ಆಹಾರ, ನೆಲೆ, ನೀರುಗಳನ್ನು ಆಕ್ರಮಿಸಿದರೆ, ಅದನ್ನು ಆಕ್ರಮಣಕಾರಿ ಅನ್ಯದೇಶೀಯ ಪ್ರಭೇದವೆಂದು ಕರೆಯುತ್ತಾರೆ. ಕನ್ನಡ ನಾಡಿನ ರೈತರೆಲ್ಲರೂ ಬಲ್ಲ ಉದಾಹರಣೆಯೆಂದರೆ ಪಾರ್ಥೇನಿಯಂ, ಜನರ ಮಾತಿನಲ್ಲಿ ಕಾಂಗ್ರೆಸ್ ಗಿಡ. ಮಧ್ಯ ಅಮೆರಿಕದ ಕಡೆಯ ಈ ಗಿಡವು ೧೯೫೦ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಹೊರದೇಶದಿಂದ ತರಿಸಿದ ಗೋಧಿಯ ಕಾಳುಗಳೊಡನೆ ಇದರ ಬೀಜವೂ ಬಂದಿರಬೇಕೆಂಬುದು ಸಾಮಾನ್ಯವಾದ ಅಭಿಪ್ರಾಯ. ಮೊಳೆತ ನಾಲ್ಕಾರು ವಾರಗಳಲ್ಲಿಯೇ ಹೂ ಬಿಡುವ ಈ ಗಿಡ, ಒಂದೊಂದೂ ೧೫,೦೦೦ದಿಂದ ೨೫,೦೦೦ ಬೀಜಗಳನ್ನು ಕೊಡಬಲ್ಲದು. ಬೀಜಗಳು ಗಾಳಿಯಲ್ಲಿ, ಮಳೆಯ ನೀರಿನಲ್ಲಿ, ಗಾಡಿಯ ಚಕ್ರದ ಕೆಸರಿನಲ್ಲಿ ಸಾಗುತ್ತವೆ. ಗಿಡದ ಸಂಪರ್ಕದಿಂದ ಹಲವರಿಗೆ ಚರ್ಮದ ಬೇನೆ, ಪರಾಗದಿಂದ ಉಬ್ಬಸ ಉಂಟಾಗುತ್ತವೆ. ದನಗಳು ಇದನ್ನು ಮುಟ್ಟುವುದಿಲ್ಲ; ಆದರೆ ದನಗಳು ಮೇಯುವ ಹುಲ್ಲಿನ ನೆಲವನ್ನೆಲ್ಲ ಇದು ಮುಚ್ಚುತ್ತದೆ.

ರಾಜ್ಯವು ಇದರ ಬಗ್ಗೆ ಸುಮ್ಮನಿರಲಿಲ್ಲ. ೧೯೬೮ರ ಕರ್ನಾಟಕ ಕೃಷಿ ಪೀಡೆ ಮತ್ತು ರೋಗಗಳ ಅಧಿನಿಯಮದ ಅಡಿಯಲ್ಲಿ ೧೯೭೫ರಲ್ಲಿ ಪಾರ್ಥೇನಿಯಂ ಗಿಡವನ್ನು ಹಾನಿಕರ ಕಳೆಯೆಂದು ಘೋಷಿಸಲಾಯಿತು. ಈ ಬಗೆಯ ಕಾನೂನಿನ ಕ್ರಮ ಹೀಗಿದೆ: ಸರಕಾರವು ಅಧಿಸೂಚನೆಯ ಮೂಲಕ ಒಂದು ಕೀಟವನ್ನೋ ರೋಗವನ್ನೋ ಕಳೆಯನ್ನೋ ಹಾನಿಕರವೆಂದು ಸಾರುತ್ತದೆ; ಜಮೀನಿನ ಅನುಭವದಾರನು ನಿರ್ಮೂಲನ ಕ್ರಮಗಳನ್ನು ಕೈಕೊಳ್ಳಬೇಕಾಗುತ್ತದೆ; ಅವನು ಕೈಕೊಳ್ಳದಿದ್ದರೆ ಅಧಿಕಾರಿಯು ತಾನೇ ಮಾಡಿಸಿ ಖರ್ಚನ್ನು ಅವನಿಂದ ವಸೂಲು ಮಾಡಬಹುದು. ಇದು ಹೊಸ ವಿಚಾರವಲ್ಲ. ಮದ್ರಾಸ್ ಪ್ರಾಂತದಲ್ಲಿ ೧೯೧೯ರಲ್ಲಿಯೇ ಕೃಷಿ ಪೀಡೆಗಳ ಕಾನೂನು ಬಂದಿತ್ತು. ಕೆರೆ ಕಾಲುವೆಗಳನ್ನು ಮುಚ್ಚುವ, ನೇರಳೆ ಹೂವಿನ ತೇಲುಕಳೆಯಾದ ವಾಟರ್ ಹಯಸಿಂತನ್ನು ತೆಗೆಯಿಸಲು ಬಂಗಾಳವು ೧೯೩೬ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಿತು. ಬಂದರುಗಳಲ್ಲಿ ತಡೆಯುವುದಕ್ಕೆ ೧೯೧೪ರ ವಿನಾಶಕಾರಿ ಕೀಟ ಮತ್ತು ಪೀಡೆಗಳ ಅಧಿನಿಯಮವೂ, ಅದರ ಅಡಿಯಲ್ಲಿ ೨೦೦೩ರ ಸಸ್ಯ ಕ್ವಾರಂಟೈನ್ ಆದೇಶವೂ ಇವೆ. ವನ್ಯಜೀವಿ ಸಂರಕ್ಷಣಾ ಅಧಿನಿಯಮಕ್ಕೆ ೨೦೨೨ರಲ್ಲಿ ಮಾಡಿದ ತಿದ್ದುಪಡಿಯು ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಅದರಂತೆ ಇಂತಹ ಪ್ರಭೇದಗಳ ಆಮದು, ವ್ಯಾಪಾರ, ಸ್ವಾಧೀನ ಮತ್ತು ಹರಡುವಿಕೆಯನ್ನು ಕೇಂದ್ರ ಸರಕಾರವು ನಿಯಂತ್ರಿಸಬಹುದು ಅಥವಾ ನಿಷೇಧಿಸಬಹುದು. ವಶಪಡಿಸಿಕೊಂಡವುಗಳನ್ನು ವಿಲೇವಾರಿ ಮಾಡಿಸಬಹುದು. ಆ ವಿಲೇವಾರಿಯಲ್ಲಿ ನಾಶವೂ ಸೇರಿದೆ.

ಇಷ್ಟನ್ನು ತಿಳಿದ ಮೇಲೆ ಮೊದಲು ಏಳುವ ಶಂಕೆಯೊಂದಿದೆ. ಜೀವಕ್ಕೆ ಸ್ವದೇಶ ಪರದೇಶವೆಂಬುದು ಉಂಟೆ? ತನ್ನ ಕರ್ಮೋದಯಕ್ಕೆ ಅನುಸಾರವಾಗಿ ಒಂದು ಜೀವವು ವನಸ್ಪತಿಕಾಯದಲ್ಲಿ ಹುಟ್ಟಿದೆ. ಅದು ಮೆಕ್ಸಿಕೋದಲ್ಲಿ ಹುಟ್ಟಿದರೇನು, ಧಾರವಾಡದಲ್ಲಿ ಹುಟ್ಟಿದರೇನು? ಪರದೇಶದ್ದೆಂಬ ಕಾರಣಕ್ಕೆ ಅದನ್ನು ದ್ವೇಷಿಸುವುದು ಮಿಥ್ಯಾಭಾವವಲ್ಲವೇ? ಈ ಶಂಕೆ ಯುಕ್ತವಾದದ್ದೇ. ಶ್ರಾವಕರ ಅಡುಗೆಮನೆಯ ಮೆಣಸಿನಕಾಯಿ, ಹೊಲದ ನೆಲಗಡಲೆ, ಹಿತ್ತಿಲಿನ ಪೇರಲ, ಪಪ್ಪಾಯಿ, ಗೇರು ಇವೆಲ್ಲವೂ ಅಮೆರಿಕ ಖಂಡದಿಂದ ಬಂದವು. ಅವುಗಳಿಂದ ಕಾಡು ಮುಚ್ಚಿಹೋಗಿಲ್ಲ. ವಿಶ್ವದ ಅನೇಕ ದೇಶಗಳ ವಿಜ್ಞಾನಿಗಳು ಕೂಡಿ ೨೦೨೩ರಲ್ಲಿ ಪ್ರಕಟಿಸಿದ ಅಂತರಸರಕಾರಿ ವರದಿಯಂತೆ, ಮನುಷ್ಯನ ಚಟುವಟಿಕೆಯಿಂದ ಹೊಸ ನೆಲಗಳಲ್ಲಿ ನೆಲೆಗೊಂಡ ಪ್ರಭೇದಗಳು ೩೭,೦೦೦ಕ್ಕೂ ಹೆಚ್ಚು. ಅವುಗಳಲ್ಲಿ ಹಾನಿಕರವೆಂದು ತಿಳಿದುಬಂದವು ೩,೫೦೦ಕ್ಕೂ ಹೆಚ್ಚು. ಎಂದರೆ ಬಂದವುಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹಾನಿಕರವೆಂದು ಎಣಿಕೆಯಾಗಿಲ್ಲ. ೨೦೨೨ರ ತಿದ್ದುಪಡಿಯೂ ಹೊರನಾಡಿನದೆಂಬ ಒಂದೇ ಲಕ್ಷಣವನ್ನು ಹೇಳಿ ಸುಮ್ಮನಾಗಿಲ್ಲ. ಅದು ವನ್ಯಜೀವಿಗಳಿಗೆ ಅಥವಾ ಅವುಗಳ ನೆಲೆಗೆ ಅಪಾಯ ತರುವಂಥದ್ದಾಗಿರಬೇಕೆಂಬ ಎರಡನೆಯ ಲಕ್ಷಣವನ್ನೂ ಸೇರಿಸಿದೆ. ಆದ್ದರಿಂದ ವಿವೇಕಿಯಾದ ಕಾನೂನು ಹುಟ್ಟನ್ನು ನೋಡುವುದಿಲ್ಲ, ಪರಿಣಾಮವನ್ನು ನೋಡುತ್ತದೆ. ಜಾತಿಮದ, ಕುಲಮದಗಳನ್ನು ಸಮ್ಯಕ್ತ್ವದ ದೋಷಗಳೆಂದು ತಿಳಿದ ಶ್ರಾವಕನಿಗೆ ಈ ಭೇದವು ಸುಲಭವಾಗಿ ಅರ್ಥವಾಗತಕ್ಕದ್ದು. ಗಿಡವು ಅಪರಾಧಿಯಲ್ಲ. ಅದು ತನ್ನ ಪರ್ಯಾಯದಲ್ಲಿ ತಾನು ಬದುಕುತ್ತಿದೆ. ಅದನ್ನು ಶತ್ರುವೆಂದು ಶಪಿಸುತ್ತ ಕೀಳುವವನು ಕೀಳುವ ಕ್ರಿಯೆಗಿಂತ ಹೆಚ್ಚಾಗಿ ತನ್ನ ಕಷಾಯದಿಂದಲೇ ಬಂಧವನ್ನು ಕಟ್ಟಿಕೊಳ್ಳುತ್ತಾನೆ.

ಇನ್ನು ಕೀಳುವ ಕ್ರಿಯೆಯ ವಿಚಾರ. ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವುದು ವಾಡಿಕೆ. ಗೃಹಸ್ಥನು ಸಂಕಲ್ಪಿ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸುತ್ತಾನೆ. ಉಳಿದ ಮೂರನ್ನು ಯತ್ನಾಚಾರದಿಂದ ಆದಷ್ಟು ಕಡಿಮೆ ಮಾಡುತ್ತಾನೆ. ಬೆಳೆಯನ್ನು ಉಳಿಸಿಕೊಳ್ಳಲು, ನೆರೆಯವರ ಆರೋಗ್ಯವನ್ನು ಕಾಯಲು ಕಳೆಯನ್ನು ತೆಗೆಯುವುದು ಏಕೇಂದ್ರಿಯ ಜೀವದ ಘಾತವಾದರೂ ಉದ್ಯೋಗಿ ಹಿಂಸೆಯ ಎಲ್ಲೆಯೊಳಗೆ ಬರುತ್ತದೆ. ಅದರಿಂದ ಅಣುವ್ರತಕ್ಕೆ ಭಂಗವಿಲ್ಲ. ಆದರೆ ಭಂಗವಿಲ್ಲವೆಂಬ ಮಾತಿಗೂ ಹಿಂಸೆಯೇ ಇಲ್ಲವೆಂಬ ಮಾತಿಗೂ ಬಹಳ ಅಂತರವಿದೆ. ಕಾನೂನು ಹೇಳಿತೆಂದ ಮಾತ್ರಕ್ಕೆ ಘಾತವು ಪುಣ್ಯವಾಗುವುದಿಲ್ಲ.

ಶಾಸ್ತ್ರವನ್ನು ಓದಿದವರು ಇಲ್ಲಿ ಒಂದು ಸೂಕ್ಷ್ಮವಾದ ಆಕ್ಷೇಪವನ್ನು ಎತ್ತಬಹುದು. ಹೂ ಬಿಡುವ ಮೊದಲೇ, ಗಿಡವು ಎಳೆಯದಾಗಿರುವಾಗಲೇ ಕೀಳಬೇಕೆಂದು ಕೃಷಿ ಅಧಿಕಾರಿಗಳು ಹೇಳುತ್ತಾರೆ. ಆದರೆ ಎಳೆಯ ವನಸ್ಪತಿಯು ಸಪ್ರತಿಷ್ಠಿತ ಪ್ರತ್ಯೇಕವಾಗಿದ್ದು, ಅನಂತ ನಿಗೋದಜೀವಿಗಳಿಗೆ ಆಶ್ರಯವಾಗಿರುತ್ತದೆಂಬುದು ಆಗಮದ ಮತ. ಹಾಗಾದರೆ ಬಲಿತ ಮೇಲೆ ಕೀಳುವುದೇ ಮೇಲಲ್ಲವೇ? ಸಮಾಧಾನವೇನೆಂದರೆ, ಬಲಿಯುವ ತನಕ ಕಾದ ಗಿಡವು ಒಂದೇ ಗಿಡವಾಗಿ ಉಳಿಯುವುದಿಲ್ಲ. ಅದರ ಸಾವಿರಾರು ಬೀಜಗಳಲ್ಲಿ ಮೊಳೆತ ಒಂದೊಂದೂ ಅದೇ ಎಳೆಯ ಅವಸ್ಥೆಯನ್ನು ಹಾದು ಬರುತ್ತದೆ. ಒಂದೊಂದನ್ನೂ ಯಾರೋ ಒಬ್ಬರು ಎಂದೋ ಒಂದು ದಿನ ಕೀಳುತ್ತಾರೆ, ಸುಡುತ್ತಾರೆ ಅಥವಾ ವಿಷ ಸಿಂಪಡಿಸಿ ಒಣಗಿಸುತ್ತಾರೆ. ಬಲಿತ ಗಿಡದ ಸಂದಿಗಳಲ್ಲಿ ಇರುವೆ, ಜೇಡ, ಕೀಟ ಮೊದಲಾದ ತ್ರಸಜೀವಿಗಳೂ ನೆಲೆ ಮಾಡಿಕೊಂಡಿರುತ್ತವೆ. ಆದ್ದರಿಂದ ಈ ದಿನದ ಸಂಕೋಚವು ಮುಂದಿನ ವರ್ಷದ ಮಹಾಘಾತಕ್ಕೆ ಕಾರಣವಾಗುತ್ತದೆ. ಸಮಯಕ್ಕೆ ಸರಿಯಾಗಿ, ಬರಿಯ ನೆಲದಲ್ಲಿ ಕೆಲವೇ ಗಿಡಗಳಿರುವಾಗ, ನೋಡಿ ನೋಡಿ ಕೀಳುವುದೇ ಯತ್ನಾಚಾರ.

ಮತ್ತೊಂದು ವಾಡಿಕೆಯನ್ನೂ ಇಲ್ಲಿ ಪರಿಶೀಲಿಸುವುದು ಅವಶ್ಯ. ಕೆಲವು ಮನೆಗಳಲ್ಲಿ ಯಜಮಾನನು ತಾನು ಹಸಿರನ್ನು ಕೀಳುವುದಿಲ್ಲ. ಕೂಲಿಯಾಳನ್ನು ಕರೆದು ಕೀಳಿಸುತ್ತಾನೆ. ತನ್ನ ಕೈ ಶುದ್ಧವಾಯಿತೆಂದು ತೃಪ್ತಿಪಡುತ್ತಾನೆ. ಇದು ಸರಿಯಲ್ಲ. ಕೃತ, ಕಾರಿತ, ಅನುಮೋದನೆಗಳು ಮೂರೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುವಂಥವು. ಕೂಲಿಯವನು ಹೊಟ್ಟೆಪಾಡಿಗಾಗಿ ಅವಸರದಿಂದ ಕೀಳುತ್ತಾನೆ. ಯಜಮಾನನು ತಾನೇ ನಿಂತಿದ್ದರೆ ಕೆಳಗಿನ ಇರುವೆಯ ಗೂಡನ್ನಾದರೂ ನೋಡುತ್ತಿದ್ದನು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಪಾರ್ಥೇನಿಯಂ ಮುಟ್ಟಿದವನ ಕೈ ಮೈ ತುರಿಕೆಯಿಂದ ಬೇಯುತ್ತವೆ. ಕೈಗವಸಿಲ್ಲದೆ ಇನ್ನೊಬ್ಬನನ್ನು ಆ ಕೆಲಸಕ್ಕೆ ಹಚ್ಚಿದರೆ ಏಕೇಂದ್ರಿಯದ ಹಿಂಸೆಯನ್ನು ತಪ್ಪಿಸಿಕೊಳ್ಳಹೋಗಿ ಪಂಚೇಂದ್ರಿಯ ಮನುಷ್ಯನಿಗೆ ನೋವು ಕೊಟ್ಟಂತಾಗುತ್ತದೆ.

ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸ ಮಾಡುವವರು, ಪರ್ವದ ದಿನಗಳಲ್ಲಿ ಹರಿತತ್ಯಾಗ ಮಾಡಿದವರು ಆ ದಿನ ಕಳೆ ಕೀಳುವ ಆರಂಭಕ್ಕೆ ಕೈಹಾಕಬೇಕಾಗಿಲ್ಲ. ಗಿಡವು ಮೊಳೆತು ಹೂ ಬಿಡುವುದಕ್ಕೆ ನಾಲ್ಕಾರು ವಾರಗಳಿರುವಾಗ, ಪರ್ವಗಳ ನಡುವಣ ದಿನಗಳು ಸಾಕಷ್ಟು ಸಿಗುತ್ತವೆ. ಮುಂಗಾರಿನ ಮೊದಲ ಮಳೆಯಾದ ಮೇಲೆ ಹೊಲದ ಬದುಗಳನ್ನು ಒಮ್ಮೆ ಸುತ್ತಿ ಬರುವ ನಿಯಮವಿದ್ದರೆ ವ್ರತಕ್ಕೂ ಕಾನೂನಿಗೂ ಘರ್ಷಣೆಯೇ ಹುಟ್ಟುವುದಿಲ್ಲ. ಘರ್ಷಣೆ ಹುಟ್ಟುವುದು ಆಲಸ್ಯದಿಂದ, ವ್ರತದಿಂದ ಅಲ್ಲ.

ಇಲ್ಲಿಯವರೆಗಿನದು ಸ್ಥಾವರಜೀವಿಯ ಮಾತು. ತ್ರಸಜೀವಿಯ ವಿಷಯಕ್ಕೆ ಬಂದಾಗ ಪ್ರಶ್ನೆ ಇಷ್ಟು ಸರಳವಾಗಿ ಉಳಿಯುವುದಿಲ್ಲ. ಆಫ್ರಿಕಾದ ದೈತ್ಯ ಬಸವನಹುಳುವನ್ನು ೧೮೪೭ರಲ್ಲಿ ಮಾರಿಷಸ್ ದ್ವೀಪದಿಂದ ಕೋಲ್ಕತ್ತೆಗೆ ತರಲಾಯಿತು. ಇಂದು ಅದು ದೇಶದ ಅನೇಕ ಕಡೆ ಹಬ್ಬಿ, ಮಳೆಗಾಲದ ರಾತ್ರಿಗಳಲ್ಲಿ ಕೊಡಗಿನ ಮತ್ತು ಮಲೆನಾಡಿನ ತೋಟಗಳ ಎಳೆಯ ಗಿಡಗಳನ್ನು ತಿಂದುಹಾಕುತ್ತದೆ. ಶಂಖ, ಸಿಂಪಿಗಳ ವರ್ಗಕ್ಕೆ ಸೇರಿದ ಇದು ದ್ವೀಂದ್ರಿಯ ಜೀವ. ಇವುಗಳನ್ನು ಆರಿಸಿ ಉಪ್ಪುನೀರಿಗೆ ಹಾಕಿ ಕೊಲ್ಲುವುದು ಸಾಮಾನ್ಯವಾದ ಕ್ರಮ. ಒಂದನ್ನು ಕೊಂದರೆ ನೂರು ಗಿಡಗಳು, ಅನೇಕ ಜೀವಿಗಳು ಉಳಿಯುತ್ತವೆಂಬುದು ಅದರ ಸಮರ್ಥನೆ.

ಈ ಸಮರ್ಥನೆಯನ್ನು ಪ್ರಾಚೀನ ಆಚಾರ್ಯರು ಕೇಳದೆ ಇರಲಿಲ್ಲ. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ಇದೇ ವಾದವನ್ನು ಎತ್ತಿಕೊಂಡು, ಹಿಂಸ್ರವಾದ ಒಂದು ಪ್ರಾಣಿಯನ್ನು ಕೊಲ್ಲುವುದರಿಂದ ಬಹುಜೀವಿಗಳ ರಕ್ಷಣೆಯಾಗುವುದೆಂಬ ಬುದ್ಧಿಯಿಂದಲೂ ಹಿಂಸೆ ಕೂಡದೆಂದು ನಿಷೇಧಿಸಿದ್ದಾರೆ. ಏಕೆಂದರೆ ಈ ಲೆಕ್ಕಕ್ಕೆ ಕೊನೆಯಿಲ್ಲ. ಪ್ರತಿಯೊಂದು ಜೀವವೂ ಇನ್ನೊಂದಕ್ಕೆ ಬಾಧಕವೇ. ಈ ತರ್ಕವನ್ನು ಹಿಡಿದು ಹೊರಟವನು ಯಾವ ಕೊಲೆಯನ್ನೂ ದಯೆಯೆಂದು ಕರೆಯಬಲ್ಲನು. ಆದ್ದರಿಂದ ಕಾನೂನಿನ ಲೆಕ್ಕವನ್ನು ಶ್ರಾವಕನು ಧರ್ಮದ ಲೆಕ್ಕವೆಂದು ಒಪ್ಪಿಕೊಳ್ಳುವಂತಿಲ್ಲ. ರಾಜ್ಯವು ತನ್ನ ಪ್ರಜೆಗಳ ಬೆಳೆಯನ್ನೂ ಕಾಡನ್ನೂ ಕಾಯುವ ಹೊಣೆ ಹೊತ್ತಿದೆ. ಅದು ಮಾಡುವುದನ್ನು ವಿರೋಧಿ ಹಿಂಸೆಯೆಂದು ತಿಳಿದು ಅದರ ಅನಿವಾರ್ಯತೆಯನ್ನು ಗ್ರಹಿಸಬಹುದು. ಆದರೆ ಅದನ್ನು ದಯೆಯೆಂದು ಕೊಂಡಾಡುವುದು ಅನುಮೋದನೆಯ ದೋಷಕ್ಕೆ ದಾರಿ. ಅಹಿಂಸಾಣುವ್ರತಿಯಾದ ತೋಟದವನು ಇಲ್ಲಿ ಕೊಲ್ಲದೆ ತಡೆಯುವ ಉಪಾಯಗಳನ್ನೇ ಮೊದಲು ಮತ್ತು ಕೊನೆಯ ತನಕ ಹುಡುಕತಕ್ಕದ್ದು: ಹೊರಗಿನ ಸಸಿಗಳನ್ನು ತರುವಾಗ ಬುಡದ ಮಣ್ಣನ್ನು ಪರೀಕ್ಷಿಸುವುದು, ಕೊಳೆತ ರಾಶಿಗಳನ್ನೂ ಒದ್ದೆ ಮರೆಗಳನ್ನೂ ಮನೆಯ ಸುತ್ತ ಬಿಡದಿರುವುದು, ಎಳೆಯ ಗಿಡಗಳ ಸುತ್ತ ಹುಳು ದಾಟದಂತೆ ತಡೆ ನಿರ್ಮಿಸುವುದು. ಇದರಿಂದ ಬೆಳೆಯ ಒಂದು ಪಾಲು ಹೋದೀತು. ವ್ರತಕ್ಕೆ ಬೆಲೆಯಿಲ್ಲವೆಂದು ಯಾವ ಆಚಾರ್ಯರೂ ಹೇಳಿಲ್ಲ.

ಇಲ್ಲಿ ಕಾನೂನಿನ ಅಂತರಂಗವನ್ನೇ ನೋಡಬೇಕು. ಇಂತಹ ಕಾನೂನುಗಳಿಗೆಲ್ಲ ಎರಡು ಭಾಗಗಳಿವೆ: ಬಾರದಂತೆ ತಡೆಯುವುದು ಒಂದು, ಬಂದದ್ದನ್ನು ತೆಗೆಯುವುದು ಇನ್ನೊಂದು. ಮೊದಲನೆಯದರಲ್ಲಿ ಜೀವಘಾತವು ಅತ್ಯಲ್ಪ, ಎರಡನೆಯದರಲ್ಲಿ ಅಪಾರ. ಪಾರ್ಥೇನಿಯಂ ಕಣ್ಣಿಗೆ ಬಿದ್ದದ್ದಕ್ಕೂ ಕರ್ನಾಟಕದಲ್ಲಿ ಅದು ಹಾನಿಕರ ಕಳೆಯೆಂದು ಘೋಷಿತವಾದದ್ದಕ್ಕೂ ನಡುವೆ ಸುಮಾರು ಇಪ್ಪತ್ತು ವರ್ಷಗಳು ಕಳೆದವು. ಅಷ್ಟರಲ್ಲಿ ಅದು ಹಾದಿಯ ಬದಿ, ರೈಲು ಹಳಿಯ ಬದಿ, ಬೀಳುಭೂಮಿ, ಊರ ಮುಂದಿನ ಬಯಲು ಎಲ್ಲವನ್ನೂ ಸೇರಿತ್ತು. ಒಬ್ಬ ರೈತನಿಗೆ ನೋಟೀಸು ಕೊಟ್ಟು ಅವನ ಹೊಲವನ್ನು ಸ್ವಚ್ಛಗೊಳಿಸಿದರೂ, ಯಾರದೂ ಅಲ್ಲದ ರಸ್ತೆಯ ಬದಿಯಿಂದ ಬೀಜವು ಮತ್ತೆ ಹಾರಿ ಬರುತ್ತದೆ. ಧಾನ್ಯದ ಮೂಟೆಯನ್ನು ಬಂದರಿನಲ್ಲಿ ಜರಡಿ ಹಿಡಿದು ನೋಡದ ಒಂದು ಪ್ರಮಾದಕ್ಕೆ ಎಪ್ಪತ್ತು ವರ್ಷಗಳ ಕಾಲ ಕೋಟ್ಯಂತರ ಗಿಡಗಳ ಘಾತವು ದಂಡವಾಗಿ ಬಂದಿದೆ. ಹಿಂಸೆಯ ಮೂಲವು ಪ್ರಮಾದವೆಂಬ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಾಗಿಲ್ಲ. ಕೀಳುವವನ ಕೈಯಲ್ಲಿ ಕಾಣುವ ಹಿಂಸೆಯು ತಂದವನ ಅಲಕ್ಷ್ಯದಲ್ಲಿ ಆಗಲೇ ಹುಟ್ಟಿತ್ತು.

ತಡೆಯುವ ಈ ಮೊದಲ ಭಾಗವು ಶ್ರಾವಕನಿಗೆ ಅಪರಿಚಿತವಲ್ಲ. ಗುಣವ್ರತಗಳಲ್ಲಿ ಮೊದಲನೆಯದಾದ ದಿಗ್ವ್ರತವು ದಿಕ್ಕುಗಳಿಗೆ ಮರ್ಯಾದೆಯನ್ನು ಕಟ್ಟಿಕೊಳ್ಳುವ ವ್ರತ. ಆ ಮರ್ಯಾದೆಯ ಗುರುತುಗಳು ಯಾವುವೆಂದರೆ ಸಮುದ್ರ, ನದಿ, ಅರಣ್ಯ, ಪರ್ವತ ಮೊದಲಾದವೆಂದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ತಿಳಿಸುತ್ತದೆ. ಗಿಡಮರ ಪ್ರಾಣಿಪಕ್ಷಿಗಳನ್ನು ಆಯಾ ದೇಶದಲ್ಲಿಯೇ ಬಹುಕಾಲ ಹಿಡಿದಿಟ್ಟ ಎಲ್ಲೆಗಳೂ ಇವೇ ಆಗಿವೆ. ಸಮುದ್ರವನ್ನು ದಾಟಲಾರದ ಬೀಜವನ್ನು ಹಡಗು ದಾಟಿಸಿತು. ಪರ್ವತವನ್ನು ಏರಲಾರದ ಹುಳುವನ್ನು ಲಾರಿ ಏರಿಸಿತು. ಮನುಷ್ಯನು ತನ್ನ ಲೋಭಕ್ಕೆ ಎಲ್ಲೆಯನ್ನು ಹಾಕಿಕೊಳ್ಳದೆ ಹೋದುದರಿಂದ ಮೂಕಜೀವಿಗಳು ತಮ್ಮ ಎಲ್ಲೆಯನ್ನು ಮೀರಿದವು. ದಿಗ್ವ್ರತದ ಅತಿಚಾರಗಳಲ್ಲಿ ಹಾಕಿಕೊಂಡ ಎಲ್ಲೆಯನ್ನು ಮರೆಯುವುದೂ ಒಂದು. ಬಂದರಿನ ಪರೀಕ್ಷೆ, ಬೀಜದ ಪರವಾನಗಿ, ಸಸಿಗಳ ತಪಾಸಣೆ ಇವೆಲ್ಲ ಆ ಮರೆತ ಎಲ್ಲೆಯನ್ನು ರಾಜ್ಯವು ಮತ್ತೆ ನೆನಪಿಗೆ ತರುವ ಪ್ರಯತ್ನಗಳೆಂದು ತಿಳಿಯಬಹುದು. ವಿದೇಶದಿಂದ ಬರುವ ಮಗನು ಚೀಲದಲ್ಲಿ ಅಡಗಿಸಿ ತಂದ ಹೂವಿನ ಬೀಜವನ್ನು ನೋಡಿ ಸಂತೋಷಪಡುವ ಮನೆಯವರು ಈ ಎಲ್ಲೆಯನ್ನು ಮುರಿಯುವವರಲ್ಲಿ ಸೇರಿದ್ದಾರೆ.

ಈಗ ದಯೆಯ ಹೆಸರಿನಲ್ಲಿಯೇ ನಡೆಯುವ ಒಂದು ಪ್ರಮಾದವನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಪರ್ವದ ದಿನ, ಹುಟ್ಟುಹಬ್ಬದ ದಿನ ಅಥವಾ ಉಪವಾಸದ ಪಾರಣೆಯ ನಿಮಿತ್ತ ಪೇಟೆಯಿಂದ ಮೀನನ್ನೋ ಆಮೆಯನ್ನೋ ಕೊಂಡು ತಂದು ಕೆರೆಗೆ ಬಿಟ್ಟು, ಅಭಯದಾನ ಮಾಡಿದೆವೆಂದು ತಿಳಿಯುವವರಿದ್ದಾರೆ. ಭಾವವು ನಿರ್ಮಲವಾದದ್ದು. ಆದರೆ ಬಿಟ್ಟ ಪ್ರಾಣಿ ಯಾವುದೆಂಬುದನ್ನು ಯಾರು ವಿಚಾರಿಸಿದರು? ಅಲಂಕಾರದ ಅಂಗಡಿಗಳಲ್ಲಿ ನಾಣ್ಯದಷ್ಟು ಚಿಕ್ಕದಾಗಿ ಮಾರುವ, ಕಿವಿಯ ಬಳಿ ಕೆಂಪು ಪಟ್ಟೆಯುಳ್ಳ ಆಮೆಯು ಉತ್ತರ ಅಮೆರಿಕದ್ದು. ಅದು ತಟ್ಟೆಯಷ್ಟು ದೊಡ್ಡದಾಗಿ ಬೆಳೆದು ಹತ್ತಾರು ವರ್ಷ ಬದುಕುತ್ತದೆ. ಕೆರೆಗೆ ಬಿಟ್ಟಾಗ ಅಲ್ಲಿನ ಆಮೆಗಳ ಆಹಾರವನ್ನೂ ಬಿಸಿಲು ಕಾಯಿಸುವ ತಾಣಗಳನ್ನೂ ಕಿತ್ತುಕೊಳ್ಳುತ್ತದೆ. ಆಫ್ರಿಕಾದ ಕ್ಯಾಟ್‌ಫಿಶ್ ಎಂಬ ಮೀಸೆಮೀನನ್ನು ಭಾರತ ಸರಕಾರವು ೨೦೦೦ದಲ್ಲಿ ನಿಷೇಧಿಸಿತು. ಕೆರೆಯ ಸಣ್ಣ ಮೀನು, ಕಪ್ಪೆಗಳನ್ನು ಅದು ಹೊಟ್ಟೆಬಾಕತನದಿಂದ ತಿನ್ನುವುದೇ ಅದಕ್ಕೆ ಮುಖ್ಯ ಕಾರಣ. ಇಂತಹ ಒಂದು ಜೀವಕ್ಕೆ ಅಭಯ ಕೊಟ್ಟವನು ಆ ಕೆರೆಯ ಸಾವಿರ ಜೀವಿಗಳಿಗೆ ಭಯವನ್ನು ಕೊಟ್ಟಂತಾಯಿತು.

ಹಾಗಾದರೆ ಅಂಗಡಿಯಲ್ಲಿ ಸಂಕಟಪಡುವ ಪ್ರಾಣಿಯನ್ನು ನೋಡಿಯೂ ಸುಮ್ಮನಿರಬೇಕೇ ಎಂದು ಕೇಳಬಹುದು. ಕೊಂಡು ಬಿಡುವವರು ಹೆಚ್ಚಿದಷ್ಟೂ ಹಿಡಿದು ಮಾರುವವರು ಹೆಚ್ಚುತ್ತಾರೆ. ಪ್ರಾಣಿಗಳಿಗೆ ಕ್ಲೇಶ ಕೊಡುವ ವ್ಯಾಪಾರವನ್ನು ಪ್ರೇರಿಸುವ ಮಾತನ್ನು ಕೂಡ ಸಮಂತಭದ್ರರು ಪಾಪೋಪದೇಶವೆಂಬ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಹಣವನ್ನೇ ಕೊಟ್ಟು ಪ್ರೇರಿಸುವುದನ್ನು ಏನೆನ್ನಬೇಕು? ಮನೆಯಲ್ಲಿ ಆಗಲೇ ಇಂತಹ ಆಮೆಯಿದ್ದರೆ ಅದನ್ನು ಕೆರೆಗೆ ಬಿಡಲೂ ಬಾರದು, ಹೊರಗೆ ಎಸೆಯಲೂ ಬಾರದು. ಅದರ ಆಯುಷ್ಯವಿರುವ ತನಕ ಪಾಲಿಸುವುದೇ ಅದಕ್ಕೆ ಕೊಡುವ ನಿಜವಾದ ಅಭಯ. ಅದು ಸಾಧ್ಯವಿಲ್ಲದವರು ಅರಣ್ಯ ಇಲಾಖೆಯವರನ್ನು ಕೇಳಿ, ಅದನ್ನು ಸಾಕುವ ವ್ಯವಸ್ಥೆಯುಳ್ಳವರಿಗೆ ಒಪ್ಪಿಸತಕ್ಕದ್ದು. ಒಂದು ಗಳಿಗೆಯ ಬಿಡುಗಡೆಗಿಂತ ಇಪ್ಪತ್ತು ವರ್ಷಗಳ ಪಾಲನೆ ಕಷ್ಟವಾದದ್ದು. ದಯೆಯ ಅಳತೆ ಆ ಕಷ್ಟದಲ್ಲಿದೆ.

ಮುನಿಗಳ ಪಂಚಸಮಿತಿಗಳಲ್ಲಿ ಮೂರು ಈ ವಿಷಯಕ್ಕೆ ನೇರವಾಗಿ ದಾರಿ ತೋರುತ್ತವೆ. ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿ, ವಸ್ತುವನ್ನು ನೋಡಿ ಎತ್ತಿ ನೋಡಿ ಇಡುವ ಆದಾನನಿಕ್ಷೇಪಣ ಸಮಿತಿ, ನಿರ್ಜೀವವಾದ ಸ್ಥಳವನ್ನು ನೋಡಿ ವಿಸರ್ಜಿಸುವ ಉತ್ಸರ್ಗ ಸಮಿತಿ. ಗೃಹಸ್ಥನಿಗೆ ಇವು ಪೂರ್ಣವಾಗಿ ಸಾಧ್ಯವಲ್ಲವಾದರೂ ಅಭ್ಯಾಸಕ್ಕೆ ತಕ್ಕವು. ಪರವೂರಿನ ಕೆಸರು ಹತ್ತಿದ ನೇಗಿಲು, ಗಾಡಿಗಳನ್ನು ತೊಳೆದು ಹೊಲಕ್ಕಿಳಿಸುವುದು ಮೊದಲನೆಯದರ ಅಭ್ಯಾಸ. ಬೀಜ, ಗೊಬ್ಬರ, ಸಸಿಗಳನ್ನು ಪರೀಕ್ಷಿಸಿ ತರುವುದು ಎರಡನೆಯದರ ಅಭ್ಯಾಸ. ಗಾಜಿನ ತೊಟ್ಟಿಯ ಮೀನು ಮತ್ತು ನೀರುಗಿಡಗಳನ್ನು ಕೆರೆಗೂ ಕಾಲುವೆಗೂ ಸುರಿಯದಿರುವುದು ಮೂರನೆಯದರ ಅಭ್ಯಾಸ.

ಬಂದದ್ದನ್ನು ತೆಗೆಯಲೇಬೇಕಾದಾಗಲೂ ವಿವೇಕ ಬೇಕು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕಾಗಿ ಕೋಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದ ಲಂಟಾನ ಇಂದು ಭಾರತದ ಕಾಡುಗಳಲ್ಲಿ ಒಂದೂವರೆ ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರದಲ್ಲಿ ಹಬ್ಬಿದೆಯೆಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ಜಿಂಕೆಗಳು ಮೇಯುವ ಹುಲ್ಲನ್ನು ಅದು ಮುಚ್ಚಿದೆ. ಮೇಲಿನ ಭಾಗವನ್ನಷ್ಟೇ ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಬುಡಸಹಿತ ಕಿತ್ತರೂ ಆ ಸ್ಥಳದಲ್ಲಿ ಅಲ್ಲಿಯದೇ ಹುಲ್ಲು ಮರಗಳನ್ನು ಬೆಳೆಸದಿದ್ದರೆ ಮತ್ತೊಂದು ಕಳೆ ಬಂದು ಕೂರುತ್ತದೆ. ಅರ್ಧ ಮಾಡಿ ಬಿಟ್ಟ ನಿರ್ಮೂಲನವು ಫಲವಿಲ್ಲದ ಘಾತ. ವ್ರತದ ಭಾಷೆಯಲ್ಲಿ ಹೇಳುವುದಾದರೆ ಅನರ್ಥದಂಡ. ಇದಕ್ಕೆ ಪ್ರತಿಯಾಗಿ, ಮಲೆ ಮಹದೇಶ್ವರ ಬೆಟ್ಟದ ಕಡೆಯ ಸೋಲಿಗರು ಲಂಟಾನದ ಕಾಂಡಗಳಿಂದ ಕುರ್ಚಿ ಮೇಜುಗಳನ್ನು ಮಾಡುವುದನ್ನು ಕಲಿತಿದ್ದಾರೆ. ತೆಗೆಯಲೇಬೇಕಾದದ್ದು ವ್ಯರ್ಥವಾಗದಂತೆ ನೋಡಿಕೊಳ್ಳುವುದಕ್ಕೆ ಇದು ಒಳ್ಳೆಯ ಮಾದರಿ. ಬಳ್ಳಾರಿ ಜಾಲಿಯ ಕಥೆ ಇನ್ನೊಂದು ಪಾಠ. ಸೌದೆಗಾಗಿ ಸರಕಾರದವರೇ ಬೆಳೆಸಿದ ಆ ಮರವನ್ನು ತಮಿಳುನಾಡಿನಲ್ಲಿ ಬೇಗನೆ ತೆಗೆಯಬೇಕೆಂದು ಮದ್ರಾಸ್ ಉಚ್ಚ ನ್ಯಾಯಾಲಯವು ೨೦೧೭ರಲ್ಲಿ ಆಜ್ಞಾಪಿಸಿ, ಅದೇ ವರ್ಷ ಆ ಕೆಲಸಕ್ಕೆ ತಡೆಯನ್ನೂ ಕೊಟ್ಟಿತು. ಬಡವರ ಒಲೆ, ಇದ್ದಿಲು ಸುಡುವವರ ಬದುಕು, ಹಕ್ಕಿಗಳ ಗೂಡು ಇವೆಲ್ಲ ಆ ಮರಕ್ಕೆ ಹೊಂದಿಕೊಂಡಿವೆ. ತರುವಾಗ ಮಾಡಿದ ಅವಸರವನ್ನು ತೆಗೆಯುವಾಗಲೂ ಮಾಡಿದರೆ ಪ್ರಮಾದವು ಇಮ್ಮಡಿಯಾಗುತ್ತದೆ.

ಒಂದು ಜೀವದಿಂದ ಇನ್ನೊಂದನ್ನು ತಿನ್ನಿಸುವ ಉಪಾಯವೂ ಉಂಟು. ಪಾರ್ಥೇನಿಯಂ ಎಲೆಯನ್ನು ತಿನ್ನುವ ಒಂದು ದುಂಬಿಯನ್ನು ೧೯೮೩ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತಂದು, ಪರೀಕ್ಷಿಸಿ, ೧೯೮೪ರಲ್ಲಿ ಹೊರಗೆ ಬಿಡಲಾಯಿತು. ಅದು ಮಳೆಗಾಲದಲ್ಲಿ ಅನೇಕ ಕಡೆ ಗಿಡವನ್ನು ಬರಿದು ಮಾಡಿತು. ಕೆಲವು ವರ್ಷಗಳ ಮೇಲೆ ಸೂರ್ಯಕಾಂತಿಯ ಎಲೆಯನ್ನೂ ತಿನ್ನುತ್ತದೆಂಬ ಭೀತಿ ಹುಟ್ಟಿ ವಿಚಾರಣೆಯಾಯಿತು. ಆ ಭೀತಿ ದೊಡ್ಡ ಹಾನಿಯಾಗಿ ಪರಿಣಮಿಸಲಿಲ್ಲ. ಆದರೂ ಕೈಯಿಂದ ಬಿಟ್ಟ ಜೀವವನ್ನು ಮತ್ತೆ ಕರೆಯಲಾಗದೆಂಬ ಮಾತು ನೆನಪಿನಲ್ಲಿರಬೇಕು. ಬಿಡುವ ಮೊದಲು ಮಾಡುವ ಪರೀಕ್ಷೆಯೇ ಇಲ್ಲಿ ವ್ರತ. ಬಿಟ್ಟ ಮೇಲೆ ಮಾಡುವುದು ಪ್ರಾಯಶ್ಚಿತ್ತ ಮಾತ್ರ.

ಇಷ್ಟರಿಂದ ಫಲಿತಾರ್ಥ ಸ್ಪಷ್ಟವಾಗುತ್ತದೆ. ಹಾನಿಕರ ಕಳೆಯನ್ನು ಸಮಯಕ್ಕೆ ಸರಿಯಾಗಿ, ದ್ವೇಷವಿಲ್ಲದೆ, ಯತ್ನಾಚಾರದಿಂದ ತೆಗೆಯುವುದರಿಂದ ಗೃಹಸ್ಥನ ಅಣುವ್ರತಕ್ಕೆ ಭಂಗವಿಲ್ಲ. ತೆಗೆಯದೆ ನೆರೆಯವನ ಹೊಲಕ್ಕೆ ಬೀಜ ಹಾರಿಸುವುದೇ ಪ್ರಮಾದ. ತ್ರಸಜೀವಿಯ ವಧೆಯನ್ನು ಧರ್ಮವೆಂದು ಕರೆಯುವಂತಿಲ್ಲ. ಕಾನೂನಿನ ಬಲದಿಂದ ಅದು ನಡೆದರೂ ಶ್ರಾವಕನ ಮನಸ್ಸಿನಲ್ಲಿ ಉಳಿಯಬೇಕಾದದ್ದು ಆಲೋಚನೆ ಮತ್ತು ಪಶ್ಚಾತ್ತಾಪ, ಉತ್ಸಾಹವಲ್ಲ. ಕಾನೂನಿನ ತಡೆಯುವ ಭಾಗವನ್ನಾದರೋ ಅವನು ಪೂರ್ಣಮನಸ್ಸಿನಿಂದ ಪಾಲಿಸಬಹುದು, ಏಕೆಂದರೆ ವ್ರತವೂ ಅದನ್ನೇ ಕೇಳುತ್ತದೆ.

ಚಾತುರ್ಮಾಸದ ಆರಂಭದಲ್ಲಿ ನಿಯಮಗಳನ್ನು ತೆಗೆದುಕೊಳ್ಳುವ ಮನೆಗಳವರು ಈ ನಾಲ್ಕನ್ನೂ ಪರಿಶೀಲಿಸಬಹುದು. ಹೊರದೇಶದಿಂದ ಬೀಜ, ಸಸಿ, ಪ್ರಾಣಿಗಳನ್ನು ತಪಾಸಣೆಯಿಲ್ಲದೆ ತರುವುದಿಲ್ಲ, ತರಿಸುವುದಿಲ್ಲ. ಅಂದಕ್ಕಾಗಿ ಪ್ರಾಣಿಗಳನ್ನು ಕೊಳ್ಳುವುದಿಲ್ಲ. ಸಾಕಿದ ಯಾವ ಜೀವವನ್ನೂ ಅದರ ನೆಲೆಯಲ್ಲದ ನೀರಿಗೂ ಕಾಡಿಗೂ ಬಿಡುವುದಿಲ್ಲ. ಮುಂಗಾರಿನಲ್ಲಿ ತಮ್ಮ ಹೊಲದ ಬದುವನ್ನು ಪರ್ವದಿನಗಳನ್ನು ಬಿಟ್ಟು ತಾವೇ ನೋಡಿ ಸ್ವಚ್ಛವಾಗಿಡುತ್ತಾರೆ. ಇವುಗಳಲ್ಲಿ ಮೊದಲ ಮೂರಕ್ಕೆ ಒಂದು ಜೀವವನ್ನೂ ಕೊಲ್ಲಬೇಕಾಗಿಲ್ಲ. ಆ ಮೂರನ್ನು ಎಲ್ಲ ಮನೆಗಳೂ ಪಾಲಿಸಿದರೆ, ಮುಂದಿನ ತಲೆಮಾರಿನವರಿಗೆ ನಾಲ್ಕನೆಯದರ ಅವಶ್ಯಕತೆಯೂ ಕಡಿಮೆಯಾಗುತ್ತದೆ.